ಪೆಲೆಟ್ ಕೊಳ್ಳುವ ಮುನ್ನ ಪರೀಕ್ಷಿಸಿ

ಮಾನ್ಯರೇ,

ಮೈಸೂರು, ಮಂಡ್ಯದಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುವ ಮಕ್ಕಳ ಪೋಷಕರು ರೈಫಲ್‌ಗೆ ಧಾರಾಳವಾಗಿ ಖರ್ಚು ಮಾಡಿ, ಅದರಲ್ಲಿ ಹಾಕುವ ಪುಟ್ಟ ಗುಂಡು, ಅಂದರೆ ಪೆಲೆಟ್ ಮಾತ್ರ ಅಂಗಡಿಯವರು ಕೊಟ್ಟಿದ್ದನ್ನೇ ತರುತ್ತಾರೆ. ಗುರಿಹಲಗೆಯ ನಡುವೆ ಹತ್ತು ಅಂಕ ಕೊಡುವ ಚುಕ್ಕಿ ಇರುವುದೇ 0.5 ಮಿ.ಮೀ. ಅಗಲ; ಅಲ್ಲಿ ಇದು ನಡೆಯುವುದಿಲ್ಲ.

ಡಬ್ಬಿಯ ಮೇಲಿನ 4.49, 4.50, 4.51 ಎಂಬುದು ಪೆಲೆಟ್ ತಲೆಯ ವ್ಯಾಸ, ಮಿ.ಮೀ.ಗಳಲ್ಲಿ. ಒಂದೊಂದು ಬ್ಯಾರಲ್‌ಗೆ ಒಂದೊಂದು ಒಗ್ಗುತ್ತದೆ. ಯಾವುದು ಒಗ್ಗುತ್ತದೆಂದು ನೋಡಲು, ಮೆತ್ತೆ ಇಟ್ಟು ರೈಫಲನ್ನು ವೈಸ್‌ಗೆ (ಅಲುಗಾಡದಂತೆ ಹಿಡಿಯುವ ಇಕ್ಕಳ) ಬಿಗಿಯಿರಿ. ಪೆಲೆಟ್ ಬದಲಿಸಿದಾಗ ಮೊದಲ ಕೆಲವು ಹೊಡೆತ ಲೆಕ್ಕಕ್ಕೆ ಬೇಡ, ಬ್ಯಾರಲ್ ಹದವಾಗಬೇಕು. ಆಮೇಲೆ ಹತ್ತು ಹೊಡೆದು, ಆ ರಂಧ್ರಗಳ ಇಡೀ ಗುಂಪನ್ನು ಹೊರ ಅಂಚಿನಿಂದ ಅಂಚಿಗೆ ಕ್ಯಾಲಿಪರ್‌ನಲ್ಲಿ ಅಳೆಯಿರಿ. 6 ಮಿ.ಮೀ. ಒಳಗಿದ್ದರೆ ಒಳ್ಳೆಯದು. ಒಂದೇ ಗುಂಪನ್ನು ನಂಬಬೇಡಿ, ಮೂರಾದರೂ ಬೇಕು. ಚಿಕ್ಕ ಗುಂಪು ಕೊಟ್ಟ ಡಬ್ಬಿಯ ಬ್ಯಾಚ್ ನಂಬರ್ ಬರೆದಿಟ್ಟುಕೊಂಡು ಅದನ್ನೇ ಒಟ್ಟಿಗೆ ಕೊಳ್ಳಿ: ಕಂಪನಿ, ಅಳತೆ ಒಂದೇ ಇದ್ದರೂ ಬ್ಯಾಚ್ ಬದಲಾದರೆ ಗುಂಪು ಹರಡಬಹುದು.

ಕೆಳಗೆ ಬಿದ್ದ ಪೆಲೆಟ್ ಮತ್ತೆ ಬಳಸಬಾರದು. ಹಿಂಭಾಗದ ತೆಳು ಅಂಚು ನೆಗ್ಗಿದ್ದರೆ ಗಾಳಿ ಒಂದೇ ಬದಿಗೆ ಸೋರಿ ಪೆಲೆಟ್ ದಾರಿ ತಪ್ಪುತ್ತದೆ. ಮಗು ಮಾತ್ರ ತಾನು ಟ್ರಿಗರ್ ಒತ್ತಿದ್ದೇ ತಪ್ಪೆಂದುಕೊಳ್ಳುತ್ತದೆ.

ನಮ್ಮ ತರಬೇತಿ ಕೇಂದ್ರಗಳು ಒಂದೊಂದು ವೈಸ್ ಇಟ್ಟು ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಮಾಡಿಸಲಿ. ಪೆಲೆಟ್ ಸೀಸದ್ದು, ಕೈ ತೊಳೆಯಲು ನಲ್ಲಿ, ಸೋಪು ಸಹ ಅಲ್ಲೇ ಇರಲಿ.

– ಒಬ್ಬ ರೈಫಲ್ ತರಬೇತುದಾರ, ಕುವೆಂಪುನಗರ, ಮೈಸೂರು