ಸಫಾರಿ ಜೀಪಿನಲ್ಲಿ ಸೋಲಿಗರ ಮಾತೂ ಕೇಳಿಸಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಅತ್ತೆಯವರ ಹರಕೆ ತೀರಿಸಲು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆವು. ಯಳಂದೂರಿನಿಂದ ಬಸ್ಸಿನಲ್ಲಿ ಬೆಟ್ಟ ಹತ್ತಿ, ರಂಗನಾಥನ ದರ್ಶನ ಮುಗಿಸಿ, ರಾತ್ರಿ ಅಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಸಫಾರಿಗೂ ಹೋದೆವು. ಹುಲಿ ಕಾಣಲಿಲ್ಲ. ಕಾಟಿಗಳ ಒಂದು ಹಿಂಡು, ಎರಡು ಕಡವೆ, ಮಣ್ಣಿನ ದಾರಿಯಲ್ಲಿ ಹುಲಿಯ ಹೆಜ್ಜೆ, ಇಷ್ಟು ಸಿಕ್ಕಿತು. ವಾಪಸ್ ಬರುವಾಗ ಜೀಪಿನಲ್ಲಿದ್ದ ಒಬ್ಬರು "ಸುಮ್ನೆ ದುಡ್ಡು ದಂಡ" ಅಂದರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಹೆಜ್ಜೆಯನ್ನು ನಮಗೆ ತೋರಿಸಿದವರು ಮುಂದೆ ಕೂತಿದ್ದ ವಾಚರ್, ಈ ಬೆಟ್ಟದ ಕಾಡಿನ ಆದಿವಾಸಿಗಳಾದ ಸೋಲಿಗರ ಒಬ್ಬ ಹುಡುಗ. ರಾತ್ರಿ ಅಲ್ಲ, ಬೆಳಗಿನ ಜಾವ ನಡೆದದ್ದು ಅಂದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಮರದಿಂದ ತೊಟ್ಟಿಕ್ಕಿದ ಇಬ್ಬನಿ ದೂಳಿನ ಮೇಲೆ ಸಣ್ಣ ಸಣ್ಣ ಗುಳಿ ಮಾಡಿತ್ತು. ಹೆಜ್ಜೆಯ ಸುತ್ತ ಗುಳಿಗಳಿದ್ದವು, ಹೆಜ್ಜೆಯ ಒಳಗೆ ಒಂದೂ ಇರಲಿಲ್ಲ. ಅಂದರೆ ಇಬ್ಬನಿ ತೊಟ್ಟಿಕ್ಕಿದ ಮೇಲೆ ಹುಲಿ ಕಾಲಿಟ್ಟಿದೆ. ನಾನು ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಆದರೆ ನಮ್ಮ ಜೀಪಿನಲ್ಲಿ ಬೇರೆ ಯಾರೂ ಅವರನ್ನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಮಧ್ಯಾಹ್ನ ದೇವಸ್ಥಾನದ ಹತ್ತಿರ ಸೀಗೆಕಾಯಿ ಮಾರುತ್ತಿದ್ದ ಒಬ್ಬ ಅಜ್ಜಿಯ ಜತೆ ಕೂತೆವು. ಅವರೂ ಸೋಲಿಗರು. ರಂಗನಾಥ ತಮಗೆ ಭಾವ ಅಂದರು, ತಮ್ಮ ಸೋಲಿಗರ ಹುಡುಗಿ ಕುಸುಮಾಲೆಯನ್ನು ಕಟ್ಟಿಕೊಂಡವನಲ್ಲವೇ ಅಂತ. ನೆಲ್ಲಿಕಾಯಿ ಇಲ್ಲವಾ ಎಂದು ಅತ್ತೆ ಕೇಳಿದರು. "ಮುಂಚಿನಂಗೆ ಎಲ್ಲಿ ಕನವ್ವ, ಮರಕ್ಕೆಲ್ಲ ಉಪ್ಪಿಲು ಹತ್ಕಂಡದೆ" ಅಂದರು. ಮರಕ್ಕೆ ಅಂಟಿಕೊಂಡು ಅದರ ಸಾರ ಹೀರುವ ಗಿಡಕ್ಕೆ ನಾವು ಬದನಿಕೆ ಅನ್ನುತ್ತೇವಲ್ಲ, ಅದು ಅವರ ಬಾಯಲ್ಲಿ ಉಪ್ಪಿಲು. ಹಿಂದೆ ಬೇಸಿಗೆ ಶುರುವಾಗುವಾಗಲೇ ನೆಲದ ಎಲೆಗೆ ಸಣ್ಣದಾಗಿ ತರಗು ಬೆಂಕಿ ಹಾಕುತ್ತಿದ್ದರಂತೆ. ಉಪ್ಪಿಲೂ, ಹೊರಗಿನಿಂದ ಬಂದ ಕಳೆಪೊದೆ ಲಂಟಾನವೂ ಹತೋಟಿಯಲ್ಲಿ ಇರುತ್ತಿದ್ದವಂತೆ, ಹೊಸ ಹುಲ್ಲು ಬರುತ್ತಿತ್ತಂತೆ. ಈಗ ಲಂಟಾನ ಆಳೆತ್ತರ ಬೆಳೆದು ಒಳಗೆ ಹೋಗುವುದೇ ಕಷ್ಟ.

ಊರಿಗೆ ಬಂದ ಮೇಲೆ ಈ ಬಗ್ಗೆ ಓದಿದೆ. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಒಳಗಿದ್ದ ಹಲವು ಪೋಡುಗಳನ್ನು, ಅಂದರೆ ಸೋಲಿಗರ ಹಾಡಿಗಳನ್ನು, ರಸ್ತೆ ಬದಿಗೆ ತಂದು ಕೂರಿಸಿದರು. ಬೇಟೆ, ಜಾಗ ಬದಲಿಸುತ್ತ ಮಾಡುತ್ತಿದ್ದ ಬೇಸಾಯ, ಬೆಂಕಿ ಎಲ್ಲ ನಿಂತವು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ನಂತರ ಕೆಲವು ವರ್ಷ ಜೇನು, ನೆಲ್ಲಿ ತಂದು ಮಾರುವುದಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಕಾಡು ಹುಲಿ ಮೀಸಲು ಆದಾಗ, ಇನ್ನು ಪೂರ್ತಿ ಹೊರಗೆ ಕಳಿಸುತ್ತಾರೆ ಎಂದು ಸೋಲಿಗರು ಹೆದರಿದ್ದರು. ಹೋರಾಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ಮೀಸಲಿನ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಇಲ್ಲೇ ಮೊದಲು. ನಮ್ಮ ಜಿಲ್ಲೆಯ ಪಕ್ಕದಲ್ಲೇ ನಡೆದದ್ದು, ನನಗೇ ಗೊತ್ತಿರಲಿಲ್ಲ!

ಕಾಡಿನಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ ಎಂದು ಅವರು ಪೂಜಿಸುವ ಜಾಗಗಳಿವೆ. ಸಂಶೋಧಕರ ಜತೆ ಸೇರಿ ಸುಮಾರು 500 ಜಾಗಗಳನ್ನು ಸೋಲಿಗರೇ ನಕ್ಷೆಯಲ್ಲಿ ಗುರುತಿಸಿದ್ದಾರೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು. ಹುಲಿಯೂ ಅವರಿಗೆ ದೇವರೇ. ಇಂಥವರು ನೂರಾರು ವರ್ಷ ಬದುಕಿದ ಕಾಡಿನಲ್ಲಿ ಹುಲಿ ಉಳಿದಿದೆ. ನಾವು ಟಿಕೆಟ್ ತೆಗೆದುಕೊಂಡು ಎರಡು ಗಂಟೆ ಸುತ್ತಿ, ಹುಲಿ ಕಾಣಲಿಲ್ಲ ಎಂದು ಮುಖ ಗಂಟಿಕ್ಕುತ್ತೇವೆ. ಇದು ಸರಿಯಲ್ಲ ಅಲ್ವಾ?

ಸಫಾರಿ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ಜೀಪಿನಲ್ಲೂ ಒಬ್ಬ ಸೋಲಿಗ ಗೈಡ್ ಇರಲಿ. ಬರೀ ಪ್ರಾಣಿ ತೋರಿಸುವುದಕ್ಕಲ್ಲ, ಮಾತನಾಡುವುದಕ್ಕೆ. ಹೊರಡುವ ಮುಂಚೆ ಹತ್ತು ನಿಮಿಷ ಅವರೇ ತಮ್ಮ ಕಾಡಿನ ಬಗ್ಗೆ ಹೇಳಲಿ. ಅದಕ್ಕೆ ಸರಿಯಾದ ಸಂಬಳ ಸಿಗಲಿ, ಟಿಕೆಟ್ ಹಣದಲ್ಲಿ ಒಂದು ಪಾಲು ಪೋಡುಗಳ ಗ್ರಾಮಸಭೆಗೆ ಹೋಗಲಿ. ಟಿಕೆಟ್ ಸ್ವಲ್ಪ ಜಾಸ್ತಿಯಾದರೆ ನಾನಂತೂ ಕೊಡುತ್ತೇನೆ.

ಬೆಂಕಿಯ ವಿಷಯ ಸೂಕ್ಷ್ಮ. ಒಣಗಿದ ಲಂಟಾನ ತುಂಬಿರುವ ಕಡೆ ಕಿಡಿ ಬಿದ್ದರೆ ಉರಿ ಮರದ ಎತ್ತರಕ್ಕೆ ಏಳುತ್ತದೆ. ಹಾಗಾಗಿ ನಾಳೆಯಿಂದಲೇ ಹಚ್ಚಿ ಎಂದು ಹೇಳುತ್ತಿಲ್ಲ. ಆದರೆ ಲಂಟಾನ ಕಡಿಯುವ ಯೋಜನೆ ಮಾಡುವಾಗ ಯಾವ ಜಾಗದಲ್ಲಿ, ಯಾವ ತಿಂಗಳಲ್ಲಿ, ಹೇಗೆ ಎಂದು ಆ ಅಜ್ಜಿಯಂಥವರನ್ನು ಕೂರಿಸಿಕೊಂಡು ಕೇಳಬೇಕು. ತರಗು ಬೆಂಕಿ ಕಣ್ಣಾರೆ ನೋಡಿದವರಿಗೆ ಈಗ ವಯಸ್ಸಾಗುತ್ತಿದೆ.

ಬರುವ ಜನವರಿಯಲ್ಲಿ ನಮ್ಮ ಶಾಲೆಯ ಎಂಟನೇ ತರಗತಿಯ 38 ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಅವರಿಗೆ ಆ ಇಬ್ಬನಿಯ ಗುಳಿಗಳ ಪಾಠವನ್ನು ಆ ವಾಚರ್ ಅವರೇ ಹೇಳಿಕೊಡಲು ಒಂದು ಗಂಟೆ ಅವಕಾಶ ಮಾಡಿಕೊಡಬೇಕೆಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ.

– ಒಬ್ಬ ಶಾಲಾ ಶಿಕ್ಷಕಿ, ನಂಜನಗೂಡು