ಅಪ್ಪನ ಮಾತ್ರೆ ನಿಲ್ಲಿಸಬೇಡಿ

ಕೋಪನ್‌ಹೇಗನ್

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ನಾನು ಕ್ಷೇಮ. ಅತ್ತಿಗೆ, ಪುಟ್ಟಿ ಆರಾಮ ಅಂದುಕೊಂಡಿದ್ದೇನೆ. ನಿನ್ನ ಪತ್ರ, ಅಪ್ಪನ ಹೃದಯದ ಎಕೋ ರಿಪೋರ್ಟು, ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶವಾಗಬಲ್ಲ ಮೂಲಕೋಶ) ತೆಗೆದು ಅಪ್ಪನ ಹೃದಯ ಸರಿಮಾಡುತ್ತೇವೆ ಅನ್ನುವ ಆ ಕ್ಲಿನಿಕ್ಕಿನವರು ಕೊಟ್ಟ ಎಸ್ಟಿಮೇಟು ಎಲ್ಲ ನೋಡಿದೆ. ಕೊಬ್ಬು ತೆಗೆಯುವ ಐದು ದಿನ ಮೊದಲು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ನಿಲ್ಲಿಸಿ ಅಂತ ಬರೆದಿದ್ದಾರಲ್ಲ, ನಿಲ್ಲಿಸಲೇಬೇಡಿ. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿ ನಾಲ್ಕೇ ತಿಂಗಳು. ಆಸ್ಪಿರಿನ್ ಜೊತೆ ಅದು ಸಾಮಾನ್ಯವಾಗಿ 12 ತಿಂಗಳು ಬೇಕು. ನಡುವೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಮಾತ್ರೆ ನುಂಗುತ್ತಲೇ ಕೊಬ್ಬು ತೆಗೆಸಿದರೆ ಹೊಟ್ಟೆಯ ಚರ್ಮದಡಿ ರಕ್ತ ಸೋರುತ್ತದೆ. ಸೊಸೈಟಿಯಲ್ಲಿ ತೋಟದ ಮೇಲೆ ಸಾಲ ಎತ್ತುವ ಮಾತೂ ಬೇಡ. ಮುಂಗಡ ಕೊಡಬೇಡ.

ಕೊಬ್ಬಿನಲ್ಲಿ ಸ್ಟೆಮ್ ಸೆಲ್ ಇರುವುದು ನಿಜ. 2001ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೆಟ್ರೀಷಿಯಾ ಜುಕ್ ಮತ್ತು ಜೊತೆಯವರು ಅದನ್ನು ತೋರಿಸಿಕೊಟ್ಟರು. ಹೊಟ್ಟೆಯಿಂದ ಹೀರಿ ತೆಗೆದ ಕೊಬ್ಬನ್ನು ತೊಳೆದು, ಕೊಲಾಜಿನೇಸ್ ಎಂಬ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ಅಲ್ಲಾಡಿಸುತ್ತಾರೆ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಎಣ್ಣೆ ಮೇಲೆ ತೇಲಿ, ಬೇಕಾದ ಸೆಲ್ಲುಗಳು ತಳದಲ್ಲಿ ಕೂರುತ್ತವೆ. ಆದರೆ ಆ ತಳದಲ್ಲಿ ರಕ್ತದ ಕಣ, ರಕ್ತನಾಳದ ಕಣ ಎಲ್ಲ ಬೆರೆತಿರುತ್ತವೆ. ಸ್ಟೆಮ್ ಸೆಲ್ ಅದರಲ್ಲಿ ಒಂದು ಪಾಲು ಮಾತ್ರ. ಅದನ್ನು ಬೇರೆಮಾಡಿ ವಾರಗಟ್ಟಲೆ ಬೆಳೆಸಬೇಕು, ಬ್ಯಾಕ್ಟೀರಿಯಾ, ಮೈಕೋಪ್ಲಾಸ್ಮಾದಂಥ ರೋಗಾಣು, ಬ್ಯಾಕ್ಟೀರಿಯಾದ ವಿಷವಾದ ಎಂಡೋಟಾಕ್ಸಿನ್ ಇಲ್ಲ ಅಂತ ಪರೀಕ್ಷೆ ಮಾಡಬೇಕು. ನಿಮಗೆ ಸಿಕ್ಕ ಕಾಗದದಲ್ಲಿ ಬೆಳಿಗ್ಗೆ ತೆಗೆದು ಮಧ್ಯಾಹ್ನ ಡ್ರಿಪ್‌ನಲ್ಲಿ ಹಾಕುತ್ತೇವೆ ಅಂತಿದೆ. ಕೈಯ ನರಕ್ಕೆ ಹಾಕಿದ ಸೆಲ್ಲುಗಳಲ್ಲಿ ಹೆಚ್ಚಿನವು ಮೊದಲು ಸಿಗುವ ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಹೃದಯ ಮುಟ್ಟುವುದು ಅತ್ಯಲ್ಪ.

ಈ ಊರಿನಲ್ಲಿ ಈ ಕೆಲಸ ವರ್ಷಗಳಿಂದ ನಡೆದಿದೆ. ಆರೋಗ್ಯವಂತ ಜನ ರಕ್ತದಾನದ ಹಾಗೆ ಹೊಟ್ಟೆಯ ಕೊಬ್ಬನ್ನೇ ದಾನ ಕೊಡುತ್ತಾರೆ, ಅಮ್ಮನಿಗೆ ಹೇಳು, ನಂಬಲಿಕ್ಕಿಲ್ಲ. ಹೃದಯದ ತಾಕತ್ತು ಅಳೆಯುವುದೂ ಸೈಕಲ್ ತುಳಿಸಿಯೇ. ಇಲ್ಲಿನ ದೊಡ್ಡ ಆಸ್ಪತ್ರೆಯಾದ ರಿಗ್ಸ್‌ಹಾಸ್ಪಿಟಾಲೆಟ್‌ನ ಪ್ರಯೋಗವೊಂದರಲ್ಲಿ ಎದೆನೋವಿನ 60 ರೋಗಿಗಳಲ್ಲಿ 40 ಮಂದಿಗೆ ಅವರವರದೇ ಸೆಲ್, 20 ಮಂದಿಗೆ ಬರೀ ದ್ರಾವಣ ಕೊಟ್ಟರು. ಸೈಕಲ್ ಪರೀಕ್ಷೆಯಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ದಾನಿಗಳ ಸೆಲ್ ಬೆಳೆಸಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟು, ಹೃದಯದೊಳಗೆ ಕ್ಯಾತಿಟರ್ ಎಂಬ ಸಣ್ಣ ಕೊಳವೆ ಇಳಿಸಿ, ದುರ್ಬಲವಾದ ಜಾಗದ ನಕ್ಷೆ ತೆಗೆದು, ಅಲ್ಲೇ ಸ್ನಾಯುವಿಗೆ ಚುಚ್ಚಿದರು. ಒಬ್ಬರಿಗೆ 10 ಕೋಟಿ ಸೆಲ್. ಯುರೋಪಿನ ಬೇರೆ ದೇಶಗಳೂ ಸೇರಿ 133 ರೋಗಿಗಳು. ಆರು ತಿಂಗಳಾದ ಮೇಲೂ ಹೃದಯದ ಎಡ ಕುಹರದ (ಮೈಗೆ ರಕ್ತ ತಳ್ಳುವ ಕೋಣೆಯ) ಅಳತೆ ಸುಧಾರಿಸಲಿಲ್ಲ. 2023ರಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಇಲ್ಲಿಯವರ ಈ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ. ಕ್ಲಿನಿಕ್ಕಿನವರು ಹೊಗಳಿದ ರಾಟರ್‌ಡ್ಯಾಮ್ ಪ್ರಯೋಗದಲ್ಲಿ ಇದ್ದದ್ದು 14 ರೋಗಿಗಳು. ಅಪಾಯ ಇದೆಯೋ ಇಲ್ಲವೋ ನೋಡಲು ಮಾಡಿದ್ದು ಅದು.

ಯಾಕೆ ಹೀಗೆ ಅಂದರೆ, ದೊಡ್ಡ ಅಟ್ಯಾಕ್‌ನಲ್ಲಿ ಸುಮಾರು 100 ಕೋಟಿ ಸ್ನಾಯುಕೋಶ ಸಾಯುತ್ತವೆ. ಕೊಬ್ಬಿನ ಸೆಲ್ ಆ ಜಾಗದಲ್ಲಿ ಹೊಸ ಸ್ನಾಯುವಾಗಿ ನಿಲ್ಲುವುದಿಲ್ಲ, ರಕ್ತನಾಳ ಬೆಳೆಯಲು ನೆರವಾಗುವ ರಸ ಒಸರಿಸುತ್ತದೆ ಅಷ್ಟೆ. ನೇರ ಚುಚ್ಚಿದರೂ ಬಡಿಯುವ ಹೃದಯ ಹೆಚ್ಚಿನದನ್ನು ಬೇಗನೆ ಹೊರಗೆ ತಳ್ಳಿಬಿಡುತ್ತದೆ.

ನಮ್ಮಲ್ಲೂ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ಅದರ ಪ್ರಕಾರ ಹೃದಯಕ್ಕೆ ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ, ಅದಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ಪಟ್ಟಿ) ನೋಂದಣಿ ಸಂಖ್ಯೆ ಕೇಳು. ಸುಬ್ಬಣ್ಣ ಮಾವನಿಗೂ ಇದನ್ನೇ ಹೇಳು. ಅವರು ಒಳ್ಳೆಯದಕ್ಕೇ ಹೇಳಿದ್ದು, ಜಗಳ ಬೇಡ.

ಮಾಡಬೇಕಾದ್ದು ಬೇರೆ ಇದೆ. ಅಪ್ಪನ ಇಎಫ್, ಅಂದರೆ ಹೃದಯ ಒಂದು ಬಡಿತದಲ್ಲಿ ಹೊರಗೆ ತಳ್ಳುವ ರಕ್ತದ ಪಾಲು, ಶೇಕಡಾ 32. ಚೀಟಿಯಲ್ಲಿ ಮೆಟೊಪ್ರೊಲಾಲ್, ರಾಮಿಪ್ರಿಲ್ ಎರಡೇ ಕಾಣುತ್ತವೆ. ಬೆಂಗಳೂರಿನ ಜಯದೇವಕ್ಕೆ ಕರೆದುಕೊಂಡು ಹೋಗಿ, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್ ಸೇರಿಸಬಹುದೇ, ರಾಮಿಪ್ರಿಲ್ ಬದಲು ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್ ಕೊಡಬಹುದೇ ಅಂತ ಕೇಳು. ಬದಲಿಸಿದರೆ ನಡುವೆ 36 ಗಂಟೆ ಬಿಡಬೇಕು, ಇಲ್ಲದಿದ್ದರೆ ಮುಖ, ಗಂಟಲು ಊದಿಕೊಳ್ಳುವ ಅಪಾಯ. ಒಂದೆರಡು ವಾರದಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಬೇಕು. ಮೂರು ತಿಂಗಳು ಸರಿಯಾದ ಪ್ರಮಾಣದಲ್ಲಿ ಔಷಧ ಕೊಟ್ಟ ಮೇಲೂ ಇಎಫ್ 35 ದಾಟದಿದ್ದರೆ ಐಸಿಡಿ (ಹೃದಯದ ಲಯ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸಲು ಮೈಯೊಳಗೆ ಕೂರಿಸುವ ಯಂತ್ರ) ಬಗ್ಗೆ ವಿಚಾರಿಸು.

ದಿನಾ ಬೆಳಿಗ್ಗೆ ಕಾಫಿಗೆ ಮೊದಲು ತೂಕ ಬರೆದಿಡಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಅರ್ಥ, ಆಗಲೇ ಡಾಕ್ಟರಿಗೆ ಫೋನ್ ಮಾಡಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಅಮ್ಮ ಮುಚ್ಚಿಡಲಿ. ಅಂಗಡಿಯ ಕಡಿಮೆ ಸೋಡಿಯಂ ಉಪ್ಪೂ ಬೇಡ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಈ ಔಷಧಗಳ ಜೊತೆ ಅದು ರಕ್ತದಲ್ಲಿ ಏರಿದರೆ ಅಪಾಯ.

ಅಪ್ಪ ಹುಷಾರಾಗುತ್ತಾರೆ. ಖಂಡಿತ ಆಗುತ್ತಾರೆ, ಈ ಔಷಧಗಳಲ್ಲಿ ಇಎಫ್ ಏರಿದವರು ಬೇಕಾದಷ್ಟು ಜನ ಇದ್ದಾರೆ. ಅಮ್ಮ ಅಳುವುದು ಬೇಡ, ನಾನಿದ್ದೇನೆ, ಜಯದೇವದ ಖರ್ಚು ಪೂರ್ತಿ ನನ್ನದು. ಅಪಾಯಿಂಟ್‌ಮೆಂಟ್ ಸಿಕ್ಕ ತಕ್ಷಣ ಮೆಸೇಜ್ ಹಾಕು. ಬಸ್ಸಿಗೆ ಹೊತ್ತಾಯಿತು, ಹೊರಡುತ್ತೇನೆ.

ನಿನ್ನ ತಮ್ಮ
ರಘು