ಘಾಟಿ ಹತ್ತದ ಕಾರು

ಮಸ್ಕತ್, ಗುರುವಾರ ಬೆಳಿಗ್ಗೆ

ತೀರ್ಥರೂಪ ಅಪ್ಪಯ್ಯನವರಿಗೆ ರಾಘು ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನಿಮ್ಮ ಕಾಗದ ನಿನ್ನೆ ಬಂತು. ಸುಬ್ಬುವಿನ ಪರೀಕ್ಷೆ, ತೋಟದ ಕೊಳೆರೋಗ ಎಲ್ಲ ಓದಿದೆ. ಆದರೆ ರಾತ್ರಿಯೆಲ್ಲ ಕಣ್ಣಿಗೆ ಕಟ್ಟಿದ್ದು ಒಂದೇ: ಮಣಿಪಾಲದಿಂದ ಬರುವಾಗ ಆಗುಂಬೆ ಘಾಟಿಯಲ್ಲಿ ಕಾರು ಎಳೆಯದೆ ನಿಂತದ್ದು, ಒಳಗೆ ಅಮ್ಮ, ಹಿಂದೆ ಬಸ್ಸು. ಮುಂದಿನ ವಾರ ಅದೇ ಕಾರಿನಲ್ಲಿ ಮತ್ತೆ ಚೆಕಪ್‌ಗೆ ಹೋಗುತ್ತೇವೆ ಅಂತ ಬೇರೆ ಬರೆದಿದ್ದೀರಿ. ಬೇಡ ಅಪ್ಪಯ್ಯ. ಹೋಗುವಾಗ ಇಳಿಜಾರು, ಏನೂ ಗೊತ್ತಾಗುವುದಿಲ್ಲ. ಬರುವಾಗ 14 ತಿರುವು ಹತ್ತಬೇಕು.

ಇಂಜಿನ್ನಿಗೆ ಒತ್ತಿ ಗಾಳಿ ತುಂಬುವ ಟರ್ಬೋ ಹೋಗಿದೆ, ಹೊಸದೇ ಹಾಕಬೇಕು ಅಂದರಂತೆ ಗ್ಯಾರೇಜಿನವರು. ಬಿಚ್ಚಿ ನೋಡದೆ ಹೇಗೆ ಹೇಳಿದರು? ದುಡ್ಡು ಕೊಡಬೇಡಿ. ಆಫ್ ಮಾಡಿ ಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಗಾಳಿಯ ಒತ್ತಡವೋ ಡೀಸೆಲ್ ಒತ್ತಡವೋ ಲೆಕ್ಕಕ್ಕೆ ಬಾರದಿದ್ದರೆ, ಇಂಜಿನ್ ಉಳಿಯಲಿ ಅಂತ ಕಾರಿನ ಕಂಪ್ಯೂಟರೇ ಶಕ್ತಿ ತಗ್ಗಿಸಿಬಿಡುತ್ತದೆ. ಲಿಂಪ್ ಮೋಡ್ ಅನ್ನುತ್ತೇವೆ. ಕೀ ತಿರುಗಿಸಿದರೆ ಸ್ವಲ್ಪ ಹೊತ್ತು ಓಡುತ್ತದೆ, ರೋಗ ಅಲ್ಲೇ ಇರುತ್ತದೆ.

ಹೋದ ತಿಂಗಳು ನಾನಿರುವ ಗ್ಯಾರೇಜಿಗೆ ಇಂಥದ್ದೇ ಡೀಸೆಲ್ ಪಿಕಪ್ ಬಂದಿತ್ತು, ಇಲ್ಲಿಯ ಜಬಲ್ ಅಖ್ದರ್ ಬೆಟ್ಟ ಹತ್ತುವಾಗ ಸೋಲುತ್ತಿತ್ತು. ಆ ಬೆಟ್ಟದ ಬುಡದಲ್ಲಿ ಪೊಲೀಸರು ನಿಂತಿರುತ್ತಾರೆ, ನಾಲ್ಕೂ ಚಕ್ರ ಎಳೆಯುವ ಗಾಡಿ ಅಲ್ಲದಿದ್ದರೆ ಹಾಗೇ ವಾಪಸ್ ಕಳಿಸುತ್ತಾರೆ. ಈ ಶಿಸ್ತು ನನಗೆ ಬಹಳ ಹಿಡಿಸಿದೆ. ಆ ಪಿಕಪ್‌ಗೆ ಕಂಪ್ಯೂಟರಿನ ದೋಷ ಓದುವ ಸ್ಕ್ಯಾನರ್ ಹಾಕಿದರೆ ಪಿ0299 ಅನ್ನುವ ಕೋಡ್ ಬಂತು, ಅಂದರೆ ಟರ್ಬೋ ಕೊಡುವ ಗಾಳಿ ಸಾಲದು. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸನ್ನು ಎರಡೂ ಕೈಯಲ್ಲಿ ಬಗ್ಗಿಸಿದೆ. ಕ್ಲ್ಯಾಂಪಿನ ಅಡಿಯಲ್ಲಿ ಬೆರಳುದ್ದ ಸೀಳು, ಸುತ್ತ ಎಣ್ಣೆಜಿಡ್ಡು. ನಿಂತಾಗ ಮುಚ್ಚಿಕೊಂಡಿರುತ್ತಿತ್ತು, ಲೋಡ್ ಬಿದ್ದಾಗ ಬಾಯಿ ಬಿಡುತ್ತಿತ್ತು. ಹೋಸ್ ಒಂದೇ ಬದಲಾಯಿಸಿದ್ದು. ಟರ್ಬೋ ಮುಟ್ಟಲಿಲ್ಲ.

ನೀವೂ ಮೊದಲು ಸ್ಕ್ಯಾನರ್ ಹಾಕಿಸಿ. ಕೋಡ್ ಅಳಿಸುವ ಮೊದಲು ಸುಬ್ಬು ಫೋಟೋ ತೆಗೆದು ನನಗೆ ಕಳಿಸಲಿ. ಹತ್ತುವಾಗ ಕಪ್ಪು ಹೊಗೆ ಬಂತೇ, ಬಾನೆಟ್ ಒಳಗೆ ಸುಯ್ ಅಂತ ಕೇಳಿತೇ? ಹಾಗಿದ್ದರೆ ಗಾಳಿ ಸೋರುತ್ತಿದೆ. ಹೊಗೆಯಿಲ್ಲದೆ ಜಗ್ಗಿ ಜಗ್ಗಿ ಹೋಗುತ್ತಿತ್ತು ಅಂದರೆ ಡೀಸೆಲ್ ಫಿಲ್ಟರ್ ನೋಡಿಸಿ, ನೀರು ಸೇರಿರಬಹುದು. ಏರ್ ಫಿಲ್ಟರ್ ಡಬ್ಬಿಯನ್ನೂ ತೆಗೆಸಿ. ಕೊಟ್ಟಿಗೆ ಪಕ್ಕ ನಿಲ್ಲಿಸುತ್ತೀರಿ, ಇಲಿ ಅಡಿಕೆ ಸಿಪ್ಪೆ ತುಂಬಿಟ್ಟಿರಬಹುದು. ಇಂಜಿನ್ ಕಿರುಚಿ ಗಾಡಿ ಮಾತ್ರ ಏರದಿದ್ದರೆ ಅದು ಕ್ಲಚ್, ಬೇರೆ ಕಥೆ.

ಇನ್ನೊಂದು. ಗಾಡಿ ಇಳಿಜಾರಿನಲ್ಲಿ ಓಡುತ್ತಿರುವಾಗ ಎಂದೂ ಇಂಜಿನ್ ಆಫ್ ಮಾಡಬೇಡಿ. ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಕಲ್ಲಿನ ಹಾಗಾಗುತ್ತದೆ, ಸ್ಟೀರಿಂಗ್ ತಿರುಗಿಸಲು ಬಹಳ ಬಿಗಿಯಾಗುತ್ತದೆ. ಚೆಕಪ್‌ಗೆ ಬಾಡಿಗೆ ಕಾರು ಮಾಡಿ, ದುಡ್ಡು ನಿನ್ನೆಯೇ ಹಾಕಿದ್ದೇನೆ. ನನಗೆ ತೊಂದರೆಯೇನೂ ಇಲ್ಲ, ಓವರ್‌ಟೈಮ್ ಇದೆ.

ಬಿಸಿಲು 45 ಡಿಗ್ರಿ ಆದರೂ ಶೆಡ್ಡಿನಲ್ಲಿ ದೊಡ್ಡ ಫ್ಯಾನ್ ಇದೆ. ಊಟ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ, ಕೆಮ್ಮು ಹೋಗಿದೆ, ನಿಜವಾಗಿಯೂ ಹೋಗಿದೆ ಅಂತ ಅಮ್ಮನಿಗೆ ಹೇಳಿ. ಡಾಕ್ಟರು ಏನೆಂದರು ಅಂತ ಅದೇ ದಿನ ತಿಳಿಸಿ. ವ್ಯಾನಿನವ ಹಾರ್ನ್ ಹಾಕುತ್ತಿದ್ದಾನೆ, ಹೊರಟೆ.

ನಿಮ್ಮ ಮಗ
ರಾಘು